ಬಿಕ್ಕಿದವರ ಊರಿನಲ್ಲಿ ಪಿಎಚ್.ಡಿ.

ಅಪರಾಧಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಲು ನಾನು ಹೋದ ಊರಿನಲ್ಲಿ ಅಪರಾಧಗಳೇ ಸಿಗುತ್ತಿರಲಿಲ್ಲ ಎಂದರೆ ನಮ್ಮ ತಿಪಟೂರಿನಲ್ಲಿ ಯಾರೂ ನಂಬುವುದಿಲ್ಲ. ಆಗುತ್ತಲೇ ಇರಲಿಲ್ಲ ಎಂದಲ್ಲ. ಆದದ್ದು ಆದಲ್ಲೇ ಬಯಲಾಗಿ, ಸಂಶೋಧನೆಗೆ ಅಂತ ಒಂದು ಚೂರೂ ಉಳಿಯುತ್ತಿರಲಿಲ್ಲ. ಒಬ್ಬರಿಗೆ ಅನ್ಯಾಯ ಮಾಡಿದವರು ಮತ್ತೆ ಅವರ ಎದುರಿಗೆ ಬಂದು ನಿಂತರೆ ಅಲ್ಲಿ ಬಿಕ್ಕಳಿಕೆ ಬರುತ್ತದೆ. ನಮ್ಮಲ್ಲಿ ಈರುಳ್ಳಿ ಹೆಚ್ಚಿದರೆ ಕಣ್ಣೀರು ಬರುವ ಹಾಗೆ. ಯಾಕೆ ಬರುತ್ತದೆ ಎಂದು ಅಲ್ಲಿ ಯಾರೂ ತಲೆ ಕೆಡಿಸಿಕೊಂಡದ್ದನ್ನು ನಾನು ನೋಡಲಿಲ್ಲ. ಆಮೇಲಾಮೇಲೆ ನಾನೂ ಕೆಡಿಸಿಕೊಳ್ಳಲಿಲ್ಲ.

ಮೊದಲೇ ಗೊತ್ತಿದ್ದರೆ ಬೇರೆ ಕಡೆ ಹೋಗುತ್ತಿದ್ದೆ ಎಂದು ಜಂಬ ಕೊಚ್ಚಿಕೊಳ್ಳಬಹುದು, ಆದರೆ ಬೇರೆ ಕಡೆ ನನ್ನನ್ನು ಕರೆದವರಾದರೂ ಯಾರು? ಅರ್ಜಿ ಹಾಕಿದ ವಿಶ್ವವಿದ್ಯಾಲಯಗಳೆಲ್ಲ ನಯವಾಗಿ ಕೈ ತೊಳೆದುಕೊಂಡಿದ್ದವು. ಇದೊಂದು ಮಾತ್ರ ಪೂರ್ತಿ ಸ್ಕಾಲರ್‌ಶಿಪ್ಪು ಕೊಟ್ಟು, ವಿಮಾನದ ಟಿಕೆಟ್ಟನ್ನೂ ಕಳಿಸಿತು. ಕಳ್ಳರ ವಿಷಯ ಓದುವುದಕ್ಕೆ ಸಮುದ್ರ ದಾಟಬೇಕಾ, ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಒಂದು ದಿನ ಕೂತರೆ ಸಾಲದಾ ಎಂದು ಅಮ್ಮ ಕೇಳಿದಳು. ನನ್ನ ಪ್ರಪೋಸಲ್ಲು ಜೇಬುಗಳ್ಳರ ಮೇಲೆಯೇ ಇತ್ತಾದ್ದರಿಂದ ಅಮ್ಮನ ಮಾತಿನಲ್ಲಿ ಹುರುಳಿತ್ತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಪರದೇಶದ ಜೇಬುಗಳ್ಳರೆಂದರೆ ಒಂದು ತೂಕ ಹೆಚ್ಚು ಎನ್ನುವ ಭ್ರಮೆ ನನಗೆ.

ವಿಭಾಗದಲ್ಲಿ ಇದ್ದದ್ದು ಒಬ್ಬರೇ ಪ್ರೊಫೆಸರ್. ಬೆರ್ಗಾಲ್ ಎಂದು ಹೆಸರು, ಅವರೇ ನನ್ನ ಗೈಡು. ಅವರ ಕೋಣೆಯ ನಡುವೆ ಒಂದು ಬಟ್ಟೆಯ ಪರದೆ, ಆಚೆ ಅವರು, ಈಚೆ ನಾನು. ಜೇಬುಗಳ್ಳರು ಎಂದ ಕೂಡಲೇ ಆಚೆಯಿಂದ ದೊಡ್ಡ ನಿಟ್ಟುಸಿರು ಬಂತು. ಈ ಊರಿನ ಜೇಬುಗಳ್ಳ ತಾತನ ಕಾಲದಲ್ಲೇ ಬೇಸತ್ತು ಬಡಗಿಯಾದ ಎಂದರು. ವಿದ್ಯಾರ್ಥಿಗಳು ಬಾರದೆ ವಿಭಾಗಕ್ಕೆ ಬೀಗ ಬೀಳುವುದರಲ್ಲಿತ್ತು, ನೀನು ಬಂದದ್ದು ದೊಡ್ಡ ಉಪಕಾರ, ಇನ್ನು ವಿಷಯ ನೀನೇ ಹುಡುಕಿಕೋ ಎಂದರು. ವರ್ಷವಾದರೂ ನಾನು ಅವರ ಮುಖ ನೋಡಿರಲಿಲ್ಲ. ನಮ್ಮ ಕಡೆ ಗೈಡುಗಳು ಕಣ್ಣಿಗೆ ಬೀಳದಿರುವುದಕ್ಕೆ ಪರದೆಯೂ ಬೇಕಿಲ್ಲವಾದ್ದರಿಂದ ನನಗೆ ಇದು ವಿಶೇಷ ಅನ್ನಿಸಲಿಲ್ಲ.

ಪರದೆ ಆ ಊರಿನಲ್ಲಿ ಉಪ್ಪು ಸಕ್ಕರೆಯಷ್ಟೇ ಮಾಮೂಲು. ಅಂಗಡಿಯವನಿಗೂ ಗಿರಾಕಿಗೂ ನಡುವೆ ತಕ್ಕಡಿಯ ಮೇಲೊಂದು ಪರದೆ. ಬೀಗರು ಊಟಕ್ಕೆ ಕೂತರೆ ಪಂಕ್ತಿಯ ನಡುವೆ ಉದ್ದನೆಯದೊಂದು. ಚುನಾವಣೆಗೆ ನಿಂತವರು ಪಕ್ಕದ ಬೀದಿಯಲ್ಲಿ ನಿಂತು ಮೈಕಿನಲ್ಲಿ ಮಾತಾಡುತ್ತಿದ್ದರು. ಹಾಗೂ ಯಾರಾದರೂ ಎದುರೆದುರೇ ಬಿಕ್ಕಿಬಿಟ್ಟರೆ ಸುತ್ತಲಿದ್ದವರು ಸೂರು ನೋಡುತ್ತಿದ್ದರು, ಅದು ಮರ್ಯಾದೆ. ಗಂಡ ಬಿಕ್ಕಿದರೆ ಹೆಂಡತಿ ಸೂರು ನೋಡುವುದು, ಮಾರನೇ ದಿನ ಅವನು ಒಳ್ಳೆಯ ಮೀನು ತರುವುದು, ಅಲ್ಲಿಗೆ ಲೆಕ್ಕ ಚುಕ್ತಾ. ನೂರಕ್ಕೆ ತೊಂಬತ್ತು ಹೀಗೇ ಮುಗಿಯುತ್ತಿತ್ತು. ಆದರೆ ಮೂರನೆಯವರ ಎದುರಿಗೆ ಯಾರಾದರೂ ಬಿಕ್ಕಿದವರಿಗೆ ಬಾಯಿ ಬಿಟ್ಟು "ಕದ್ದೆ" ಎಂದರೆ ಮುಗಿಯಿತು. ಅದು ದೂರು. ದೂರು ಹೋಗುವುದು ಕೇಳುಮನೆಗೆ. ಅಲ್ಲಿ ದೂರಿದವರನ್ನೂ ದೂರಿಸಿಕೊಂಡವರನ್ನೂ ಎದುರುಬದುರು ಕೂರಿಸಿ, ಊರು ನೇಮಿಸಿದ ಒಬ್ಬ ಹಿರಿಯರು ಕಣ್ಣು ಮುಚ್ಚಿಕೊಂಡು ಆಲಿಸುತ್ತಾರೆ. ಅವರನ್ನು ಜನ ಕರೆಯುವುದೇ 'ಕಿವಿ' ಎಂದು. ಬಿಕ್ಕಿದ್ದು ಕೇಳಿಸಿತೋ, ಬಿಕ್ಕಿದವರು ಹೊಳೆಯ ಆಚೆ ದಡಕ್ಕೆ ಹೋಗಿ ಬದುಕಬೇಕು. ವರ್ಷ ತುಂಬಿ, ದೂರಿದವರೇ ಬಾಯಿ ತುಂಬಾ ಅವರ ಹೆಸರು ಹಿಡಿದು ಕರೆಯುವ ತನಕ ಈಚೆಗೆ ಬರುವಂತಿಲ್ಲ.

ಅದಕ್ಕೇ ಆಚೆ ದಡಕ್ಕೆ ಕಳಿಸಿದವರ ಹೆಸರನ್ನು ಜನ ಅಪ್ಪಿತಪ್ಪಿಯೂ ನಾಲಿಗೆಯ ಮೇಲೆ ತರುತ್ತಿರಲಿಲ್ಲ. ನಮ್ಮ ಬೀದಿಯಲ್ಲೊಬ್ಬಳು ಗಂಡನನ್ನು ಆಚೆಗೆ ಕಳಿಸಿದ್ದಳು. ಅವನಿಗೂ ಒಂದು ಜಾತಿಯ ಮೀನಿಗೂ ಒಂದೇ ಹೆಸರು. ಪಾಪ, ಮಾರ್ಕೆಟ್ಟಿನಲ್ಲಿ ಆ ಮೀನನ್ನು ಬೆರಳು ತೋರಿಸಿ ಕೊಳ್ಳುತ್ತಿದ್ದಳು. ಮೀನಿನ ಮೇಲೆ ಅವಳಿಗೆ ಅಷ್ಟು ಆಸೆ, ಗಂಡನ ಮೇಲೆ ಅಷ್ಟು ಸಿಟ್ಟು.

ನಾನು ಬಾಡಿಗೆಗಿದ್ದದ್ದು ವೆರೀಸಮ್ಮನ ಮನೆಯಲ್ಲಿ. ಹೆಸರು ವೆರೀಸ, ಅಮ್ಮ ಸೇರಿಸಿದ್ದು ನಾನು. ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮುಂಬಾಗಿಲಲ್ಲೇ ಪರದೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಳು, ಊರಿನ ಅರ್ಧ ಜನ ಅವಳು ಹೊಲಿದ ಬಟ್ಟೆಯ ಹಿಂದೆಯೇ ಬಾಳುತ್ತಿದ್ದರು. ಹೊಸದರಲ್ಲಿ ಚಳಿಗೆ ನಾನು ಮೂಗು ಸೋರಿಸಿಕೊಂಡು ಕೂತಿದ್ದಾಗ ಕೇಳದೆಯೇ ಸೂಪು ಮಾಡಿ ತಂದು ಮಂಚದ ಮೇಲಿಟ್ಟವಳು. ಅವಳ ಭಾಷೆ ಮೊದಮೊದಲು ನನಗೆ ತಗಡು ಬಡಿದ ಹಾಗೆ ಕೇಳಿಸುತ್ತಿತ್ತು. ಅರ್ಥವಾಗುತ್ತಾ ಬಂದ ಹಾಗೆ ಅದು ಹೇಗೋ ತಿಪಟೂರಿನ ಮಾತಾಗಿಯೇ ಒಳಗಿಳಿಯತೊಡಗಿತು. ಇಲ್ಲಿಯೂ ಹಾಗೇ ಬರೆಯುತ್ತಿದ್ದೇನೆ.

ಎಡವಟ್ಟಾದದ್ದು ಒಂದು ಭಾನುವಾರ ಮಧ್ಯಾಹ್ನ. ಹೇಗೋ ಒಂದಷ್ಟು ಹಸಿಮೆಣಸಿನಕಾಯಿ ಸಂಪಾದಿಸಿ ನಾನು ಚಿತ್ರಾನ್ನ ಮಾಡಿದ್ದೆ. ಆ ಊರಿನವರು ಖಾರ ಮುಟ್ಟುವುದಿಲ್ಲ, ಸುಮ್ಮನೆ ಗಂಟಲು ಕೆರಳಿ ಇಲ್ಲದ ಅನುಮಾನ ಯಾಕೆ ಎಂದು. ವೆರೀಸಮ್ಮ ಮಾತ್ರ ನನ್ನ ಮುಖ ನೋಡಿ ತಟ್ಟೆ ಹಿಡಿದಳು. ಪಕ್ಕದ ಮನೆಯ ದೊರ್ವಣ್ಣನೂ ಬಂದಿದ್ದ. ಅವನು ಹೊಳೆಯಲ್ಲಿ ದೋಣಿ ನಡೆಸುವವನು, ಅಳೆದು ತೂಗಿ ಮಾತಾಡುವ ಮನುಷ್ಯ, ಕಾನೂನು ಎಂದರೆ ಎದ್ದು ನಿಲ್ಲುವ ಪೈಕಿ. ಎರಡನೇ ತುತ್ತಿಗೆ ವೆರೀಸಮ್ಮನಿಗೆ ಬಿಕ್ಕಳಿಕೆ ಹತ್ತಿತು. ದೊರ್ವಣ್ಣ ತಕ್ಷಣ ಸೂರು ನೋಡಿದ.

ಚಿಕ್ಕವಳಿದ್ದಾಗ ನನಗೆ ಬಿಕ್ಕಳಿಕೆ ಬಂದರೆ ಅಜ್ಜಿ ಕಣ್ಣು ಕೆಂಪಗೆ ಮಾಡಿಕೊಂಡು, ಏನೇ ಕದ್ದೆ, ಬೆಣ್ಣೆ ಕದ್ದು ತಿಂದ್ಯಾ ಎಂದು ಗದರುತ್ತಿದ್ದಳು. ಇಲ್ಲ ಅಜ್ಜಿ, ನಾನ್ಯಾಕೆ ಕದೀಲಿ ಎಂದು ನಾನು ಅಳುಮೋರೆ ಮಾಡುವಷ್ಟರಲ್ಲಿ ಬಿಕ್ಕಳಿಕೆ ಹೇಳಹೆಸರಿಲ್ಲದೆ ಹೋಗಿರುತ್ತಿತ್ತು. ನಮ್ಮಲ್ಲಿ ಇದು ಮನೆಮನೆಯ ಮದ್ದು. ಆ ಮದ್ದನ್ನೇ ಪ್ರೀತಿಯಿಂದ, ಅವರ ಭಾಷೆಯಲ್ಲಿ, ಒಳ್ಳೆಯ ವ್ಯಾಕರಣದಲ್ಲಿ ವೆರೀಸಮ್ಮನ ಮೇಲೆ ಪ್ರಯೋಗಿಸಿದೆ. "ಏನ್ ಕದ್ದೆ? ನಿಜ ಹೇಳ್ಬಿಡು" ಎಂದು ಬೆನ್ನಿಗೊಂದು ಗುದ್ದಿದೆ.

ಬಿಕ್ಕಳಿಕೆಯೇನೋ ನಿಂತಿತು. ಅದರ ಜೊತೆಗೆ ಉಳಿದದ್ದೂ ನಿಂತಿತು. ದೊರ್ವಣ್ಣ ಕೈ ತೊಳೆದು, ಟೋಪಿ ಇಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಕೇಳುಮನೆಯ ಕಡೆ ನಡೆದ. ಕೇಳಿಸಿಕೊಂಡ ಮೇಲೆ ಹೋಗಿ ತಿಳಿಸದಿದ್ದರೆ ಅದು ಅವನ ತಪ್ಪಾಗುತ್ತದೆ. ನಾನು ಬೀದಿಯ ತುದಿಯವರೆಗೂ ಅವನ ಹಿಂದೆ ಓಡಿದೆ. ತಮಾಷೆ ಎಂದೆ, ಮದ್ದು ಎಂದೆ, ಅಜ್ಜಿ ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಅವನ ಭಾಷೆಯಲ್ಲೂ ಇರಬೇಕು, ತಿರುಗಿ ನೋಡಲಿಲ್ಲ. ವಾಪಸ್ಸು ಬಂದಾಗ ವೆರೀಸಮ್ಮ ಚಿತ್ರಾನ್ನ ಮುಗಿಸಿ ತಟ್ಟೆ ತೊಳೆಯುತ್ತಿದ್ದಳು. ತಾನು ನನ್ನದೇನನ್ನೂ ಮುಟ್ಟಿಲ್ಲ, ಹೆದರಬೇಡ ಎಂದು ನನಗೇ ಸಮಾಧಾನ ಹೇಳಿದಳು. ನನಗೆ ನಾಚಿಕೆಯಿಂದ ಸಾಯುವ ಹಾಗಾಯಿತು. ಕೇಳುಮನೆಯಲ್ಲಿ ಅವಳು ಬಿಕ್ಕಿದರೆ ಮನೆ, ಅಂಗಡಿ, ಊರು ಎಲ್ಲ ಬಿಟ್ಟು ಹೋಗಬೇಕು. ಅದೂ ನನ್ನ ಬಾಯಿಯ ದೆಸೆಯಿಂದ.

ಗೈಡಿನ ಪರದೆಯ ಮುಂದೆ ಹೋಗಿ ಗೋಳೋ ಎಂದೆ. ಅವಳು ಬಿಕ್ಕಿದ್ದು ಖಾರದಿಂದ ಎಂದು ಸಾಬೀತು ಮಾಡು ಎಂದರು ಬೆರ್ಗಾಲ್. ಮಾಡುವುದೇನು, ವಿಚಾರಣೆಯ ದಿನ ಒಂದು ಹಿಡಿ ಹಸಿಮೆಣಸಿನಕಾಯಿ ಕಟ್ಟಿಕೊಂಡೇ ಕೇಳುಮನೆಗೆ ಹೋದೆ. ಊರಿಗೆ ಊರೇ ನೆರೆದಿತ್ತು. ಪರದೇಶದ ಹುಡುಗಿ, ಅದೂ ಅಪರಾಧಶಾಸ್ತ್ರದ ಹುಡುಗಿ, ಮನೆಯೊಡತಿಯ ಮೇಲೆಯೇ ದೂರು ಕೊಟ್ಟಿದ್ದಾಳೆ ಎಂದರೆ ಯಾರಿಗೆ ಕುತೂಹಲವಿರುವುದಿಲ್ಲ? ಸುದ್ದಿ ದೋಣಿ ಹತ್ತಿ ಆಚೆ ದಡಕ್ಕೂ ಹೋಗಿತ್ತಂತೆ.

ಕಿವಿಯವರು ಬೆಳ್ಳನೆಯ ಹುಬ್ಬಿನ ಮುದುಕರು. ದೂರನ್ನು ಒಮ್ಮೆ ಬಾಯಲ್ಲಿ ಹೇಳಿಕೊಂಡು ನೋಡಿದರು. "ನಿನ್ ದೂರ್‌ನಲ್ಲಿ ಒಂದ್ ಮಾತು ಜಾಸ್ತಿ ಐತಲ್ಲಮ್ಮ" ಎಂದರು. "ಕದ್ದೆ ಅಂದ್ರೆ ಸಾಕು. ಏನು ಅಂತ ಯಾಕೆ?"

ಏನು ಕದ್ದರು ಎಂದು ಗೊತ್ತಾಗಬೇಡವೇ ಎಂದು ನಾನು ಕೇಳಿದೆ. ನಮ್ಮಲ್ಲಿ ಯಾವತ್ತೂ ಕೇಳಿಲ್ಲ, ಬಿಕ್ಕಿದರೆ ಆಯಿತು ಎಂದರು. ಸಭೆಯಲ್ಲಿದ್ದವರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಅಪರಾಧಶಾಸ್ತ್ರದ ಮೊದಲನೇ ತರಗತಿಯಲ್ಲಿ ಕುರ್ಚಿಯಿಂದ ಬಿದ್ದ ಹಾಗಾಯಿತು ನನಗೆ. ಇಷ್ಟು ದಿನ ಇದ್ದೂ ಇದೊಂದನ್ನು ನಾನು ಗಮನಿಸಿರಲಿಲ್ಲ.

ಖಾರದ ವಾದ ಚೆನ್ನಾಗಿಯೇ ಶುರುವಾಯಿತು. ನ್ಯಾಯವಾಗಿ ನೋಡಬೇಕೆಂದು ಕಿವಿಯವರು ಒಂದು ಮೆಣಸಿನಕಾಯಿಯನ್ನು ಕಚ್ಚಿ ತಿಂದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮುಖ ಕೆಂಪಾಗಿ, ಹುಬ್ಬು ಮೇಲೇರಿ, ಸಭೆಯ ಎದುರಿಗೆ ಜೋರಾಗಿ ಬಿಕ್ಕಿದರು. ಊರಿಗೆ ಊರೇ ಸೂರು ನೋಡಿತು. ನಾನು ಗೆದ್ದೆ ಅಂದುಕೊಂಡೆ. ಅದೇ ಹೊತ್ತಿಗೆ, ಬೆಳಗಿನಿಂದ ಹನಿ ನೀರನ್ನೂ ಮುಟ್ಟದೆ ನನ್ನೆದುರಿಗೆ ಕೂತಿದ್ದ ವೆರೀಸಮ್ಮನೂ ಬಿಕ್ಕಿದಳು. ಒಮ್ಮೆ ಅಲ್ಲ, ಬಿಟ್ಟೂ ಬಿಡದೆ. ಕೈಯಲ್ಲಿ ಬಾಯಿ ಮುಚ್ಚಿಕೊಂಡಳು, ಉಸಿರು ಬಿಗಿಹಿಡಿದಳು, ನಿಲ್ಲಲಿಲ್ಲ. ಅವಳ ಕಣ್ಣಿನಲ್ಲಿ ಅವತ್ತು ಮೊದಲ ಸಲ ಭಯ ಕಂಡಿತು. ಈ ಹೆಂಗಸು ನನ್ನದೇನನ್ನೂ ಕದ್ದಿಲ್ಲ ಎಂದು ನನಗೆ ದೇವರಾಣೆಗೂ ಗೊತ್ತಿತ್ತು, ಆದರೆ ಅದನ್ನು ಕೇಳುವವರು ಅಲ್ಲಿ ಯಾರಿದ್ದಾರೆ? ದೊರ್ವಣ್ಣ ದೋಣಿ ಬಿಚ್ಚಲು ಎದ್ದು ನಿಂತಾಗಿತ್ತು.

ನನಗೆ ಆಗ ನೆನಪಾದದ್ದು ಅಜ್ಜಿಯ ಎರಡನೇ ಮದ್ದು. ಗದರಿದರೂ ಬಿಕ್ಕಳಿಕೆ ನಿಲ್ಲದಿದ್ದರೆ, ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ಅರ್ಥ. ಯಾರಿರಬಹುದು ಎಂದು ಒಬ್ಬೊಬ್ಬರದೇ ಹೆಸರು ಹೇಳುತ್ತಾ ಹೋಗಬೇಕು. ನೆನೆಸಿಕೊಂಡವರ ಹೆಸರು ಬಂದ ಕೂಡಲೇ ಬಿಕ್ಕಳಿಕೆ ನಿಲ್ಲುತ್ತದೆ. ಇದನ್ನು ನಾನು ಎದ್ದು ನಿಂತು ಹೇಳಿದಾಗ ಸಭೆಯಲ್ಲಿ ನಗು ಎದ್ದಿತು. ನನ್ನ ಕೈಯ ಮೆಣಸಿನಕಾಯಿಗಿಂತಲೂ ಖಾರವಾಗಿ ನೋಡಿದರು ಕಿವಿಯವರು.

ಆಗ ಹಿಂದಿನಿಂದ ಒಬ್ಬರು ಎದ್ದರು. ದನಿಯಿಂದ ಗುರುತಾಯಿತು, ಬೆರ್ಗಾಲ್. ಪರಸ್ಥಳದವರು ದೂರು ಕೊಟ್ಟರೆ ಆ ದೂರಿನ ಮಾತಿಗೆ ಅವರ ಸ್ಥಳದಲ್ಲಿ ಏನು ಅರ್ಥವೋ ಅದನ್ನೇ ಹಿಡಿಯಬೇಕು, ಹಳೆಯ ಕಟ್ಟಳೆ ಹಾಗೆ ಹೇಳುತ್ತದೆ ಎಂದರು. ಹೇಳಿ, ನನ್ನ ಕಡೆ ತಿರುಗಿ, ಒಮ್ಮೆ ಬಿಕ್ಕಿದರು. ನನ್ನ ಪ್ರಬಂಧದ ಎರಡನೇ ಅಧ್ಯಾಯ ಹೋದ ತಿಂಗಳ ಸಮ್ಮೇಳನದಲ್ಲಿ ಯಾರ ಹೆಸರಿನಲ್ಲಿ ಓದಲ್ಪಟ್ಟಿತು ಎಂದು ನನಗೆ ಆ ಗಳಿಗೆಯಲ್ಲಿ ತಿಳಿಯಿತು. ನಾನು ಸೂರು ನೋಡಿದೆ. ಆ ಹೊತ್ತಿನಲ್ಲಿ ಅವರು ಮಾಡಿದ ಉಪಕಾರಕ್ಕೆ ಮೂರನೇ ಅಧ್ಯಾಯವನ್ನೂ ಕೊಟ್ಟುಬಿಡುತ್ತಿದ್ದೆ.

ಕಿವಿಯವರು ಒಪ್ಪಿದರು. ನಾನು ಹೆಸರು ಹೇಳತೊಡಗಿದೆ. ದೊರ್ವಣ್ಣನಿಂದ ಹಿಡಿದು ಬಟ್ಟೆ ಅಂಗಡಿಯವನವರೆಗೆ, ತೀರಿಹೋದ ಗಂಡನಿಂದ ಹಿಡಿದು ಹಾಲು ಕೊಡುವವಳವರೆಗೆ, ನನಗೆ ಗೊತ್ತಿದ್ದವರನ್ನೆಲ್ಲ ಹೇಳಿದೆ. ಜನ ಉತ್ಸಾಹದಲ್ಲಿ ಹೆಸರು ಕೂಗಿ ಕೊಡತೊಡಗಿದರು, ಬೀದಿಯ ನಾಯಿಯ ಹೆಸರೂ ಬಂದುಹೋಯಿತು. ವೆರೀಸಮ್ಮ ಬಿಕ್ಕುತ್ತಲೇ ಇದ್ದಳು. ಗೊತ್ತಿದ್ದ ಹೆಸರುಗಳೆಲ್ಲ ಮುಗಿದವು. ಇನ್ನು ನನ್ನಿಂದಾಗದು ಎಂದು ಅವಳ ಕಾಲ ಬಳಿ ಕೂತು, "ಇನ್ಯಾರಿದಾರೆ ವೆರೀಸಮ್ಮ, ನಿಂಗೇ ಗೊತ್ತಿರ್‌ಬೇಕು. ಹೇಳ್ಬಿಡು" ಎಂದೆ.

ಅವಳು ತಲೆಯಾಡಿಸಿದಳು. ಇಲ್ಲ ಎಂದಲ್ಲ, ಹೇಳಲಾರೆ ಎನ್ನುವ ಹಾಗೆ. ಸಭೆಯಲ್ಲಿದ್ದ ವಯಸ್ಸಾದವರೆಲ್ಲ ಸದ್ದಡಗಿ ಕೂತದ್ದನ್ನು ನೋಡಿದಾಗ ನನಗೆ ಅರ್ಥವಾಯಿತು. ಅವಳ ಬಾಯಲ್ಲಿ ಬರಬಾರದ ಹೆಸರೊಂದಿದೆ. ಅವಳು ಯಾರನ್ನೋ ಆಚೆ ದಡಕ್ಕೆ ಕಳಿಸಿದ್ದಾಳೆ. ಬಲವಂತ ಮಾಡಬಾರದು ಎಂದುಕೊಂಡೆ, ಆದರೂ ಅವಳ ಕೈ ಬಿಡಲಿಲ್ಲ. ಅವಳು ಎಷ್ಟೋ ಹೊತ್ತು ಬಿಕ್ಕುತ್ತಾ ಕಿಟಕಿಯ ಕಡೆ, ಹೊಳೆಯ ಕಡೆ ನೋಡುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿಕೊಂಡು, "ಲೀಮಾ" ಎಂದಳು.

ಬಿಕ್ಕಳಿಕೆ ನಿಂತಿತು. ಕಿವಿಯವರು ಎದ್ದು ನಿಂತರು. ಅವರ ಹಿಂದೆ ಊರಿಗೆ ಊರೇ ಎದ್ದು ನಿಂತಿತು. ವೆರೀಸ ತಪ್ಪಿತಸ್ಥೆಯಲ್ಲ, ಮನೆಗೆ ಹೋಗಬಹುದು ಎಂದು ಅವರು ಹೇಳಿದ್ದು ನನಗೊಬ್ಬಳಿಗೇ ಮುಖ್ಯವಾಗಿ ಕಂಡಿತು ಎಂದು ಕಾಣುತ್ತದೆ. ಉಳಿದವರೆಲ್ಲ ದೊರ್ವಣ್ಣನ ಕಡೆ ನೋಡುತ್ತಿದ್ದರು. ಕರೆಯಬೇಕಾದವಳು ಕರೆದಾಗಿತ್ತು. ಅವನು ಟೋಪಿ ಇಟ್ಟುಕೊಂಡು ದೋಣಿಯ ಕಡೆ ಓಡಿದ.

ಹೊಳೆಯ ದಾರಿಯಲ್ಲಿ ವೆರೀಸಮ್ಮ ನನ್ನ ತೋಳು ಹಿಡಿದುಕೊಂಡೇ ನಡೆದಳು. ಲೀಮಾ ಅವಳ ತಂಗಿ. ನಾನು ಹುಟ್ಟುವುದಕ್ಕೂ ಮುಂಚಿನ ಮಾತು, ಒಂದು ದಿನ ಅಡುಗೆಮನೆಯಲ್ಲಿ ಅಕ್ಕನ ಎದುರಿಗೆ ಬಂದವಳು ಬಿಕ್ಕಿದಳಂತೆ. ವೆರೀಸಮ್ಮನಿಗೆ ಆಗ ಬಿಸಿ ರಕ್ತ. ಅಮ್ಮನ ಎದುರಿಗೇ "ಕದ್ದೆ" ಎಂದುಬಿಟ್ಟಳು. ಕೇಳುಮನೆಯಲ್ಲಿ ಹುಡುಗಿ ಮತ್ತೆ ಬಿಕ್ಕಿತು, ದೋಣಿ ಹತ್ತಿತು. ನಾನು ಬಾಡಿಗೆಗಿದ್ದ ಕೋಣೆ ಅವಳದೇ.

ಏನು ಕದ್ದಿದ್ದಳು ಎಂದು ಕೇಳಿದೆ. ಅಪರಾಧಶಾಸ್ತ್ರ, ಬಿಡಬೇಕಲ್ಲ.

ವೆರೀಸಮ್ಮ ನಡೆಯುವುದನ್ನು ನಿಲ್ಲಿಸಿದಳು. "ಯಾರಿಗ್ ಗೊತ್ತು" ಎಂದಳು. ಮನೆಯಲ್ಲಿ ಯಾವ ವಸ್ತುವೂ ಕಾಣೆಯಾಗಿರಲಿಲ್ಲವಂತೆ. ಮೊದಲು ಸಿಟ್ಟು ಇಳಿಯಲಿ ಎಂದು ಬಿಟ್ಟಳು, ಆಮೇಲೆ ಅವಳೇ ಹೇಳಿ ಕಳಿಸಲಿ ಎಂದು ಬಿಟ್ಟಳು, ಬಿಟ್ಟದ್ದು ಹಾಗೇ ಉಳಿದುಹೋಯಿತು. "ಕರೀಬೇಕು ಅಂತ ಇತ್ತು ಮಗಾ. ಎದುರಿಗ್ ಬಂದ್ರೆ ಬಿಕ್ಕೋಳು ನಾನೇ ಆಗ್ತೀನಿ ಅಂತ ಹೆದ್ರಿಕೆ. ಅಷ್ಟ್ ಪರದೆ ಹೊಲ್ದಿದೀನಿ, ಅದಕ್ಕೊಂದ್ ಪರದೆ ಹೊಲಿಯಕ್ಕಾಗ್ಲಿಲ್ಲ." ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಅಡಿಕೆ ಯಾವುದೆಂದೇ ಯಾರಿಗೂ ಗೊತ್ತಿರಲಿಲ್ಲ. ನನಗೆ ಅಳು ಬಂತು, ಅತ್ತೆ.

ದೋಣಿ ಬಂದಾಗ ಬಿಸಿಲು ಇನ್ನೂ ಇತ್ತು. ದಡದ ತುಂಬಾ ಜನ. ದೋಣಿಯಿಂದ ಇಳಿದವಳು ತಲೆ ನರೆತ, ಸಣಕಲು ಹೆಂಗಸು. ಕೈಯಲ್ಲಿ ಒಂದು ಬಟ್ಟೆಗಂಟು ಬಿಟ್ಟರೆ ಬೇರೇನೂ ಇರಲಿಲ್ಲ, ಕರೆ ಬಂದ ಕೂಡಲೇ ಉಟ್ಟ ಬಟ್ಟೆಯಲ್ಲೇ ಹೊರಟು ಬಂದಿದ್ದಳೆಂದು ಕಾಣುತ್ತದೆ. ಕೇಳುಮನೆಯಲ್ಲಿ ಅಕ್ಕನನ್ನು ಕೂರಿಸಿದ್ದಾರೆ ಎಂದು ತಿಳಿದಾಗಿನಿಂದ ದಡದ ಮೇಲೇ ನಿಂತು ನೋಡುತ್ತಿದ್ದಳು ಎಂದು ದೊರ್ವಣ್ಣ ಮೆಲ್ಲಗೆ ನನಗೆ ಹೇಳಿದ.

ಅಕ್ಕತಂಗಿಯರು ಎದುರುಬದುರು ನಿಂತರು. ಲೀಮಾ ಬಿಕ್ಕಿದಳು. ಅದೇ ಉಸಿರಿನಲ್ಲಿ ವೆರೀಸಮ್ಮನೂ ಬಿಕ್ಕಿದಳು. ಜನ ರೂಢಿಯಂತೆ ಮುಖ ತಿರುಗಿಸಬೇಕಾಗಿತ್ತು, ಒಬ್ಬರೂ ತಿರುಗಿಸಲಿಲ್ಲ. ಮೀನು ಕೊಳ್ಳಲು ಬಂದಿದ್ದ ನಮ್ಮ ಬೀದಿಯವಳು ಬುಟ್ಟಿಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ಒಬ್ಬಳಾದ ಮೇಲೆ ಒಬ್ಬಳಂತೆ ಅವರಿಬ್ಬರೂ ಬಿಕ್ಕುತ್ತಾ ನಿಂತರು. ನಡುನಡುವೆ ಅಳುವೂ ಸೇರಿಕೊಂಡು ಯಾವುದು ಯಾವುದೆಂದು ಹೇಳಲಾಗದಂತಾಯಿತು.

ಕೊನೆಗೆ ಬಾಯಿ ಬಿಟ್ಟವಳು ವೆರೀಸಮ್ಮ. "ಏನೇ ಕದ್ದಿದ್ದೆ ಅವತ್ತು?"

ಲೀಮಾ ಸೆರಗಿಲ್ಲದ ಭುಜಕ್ಕೇ ಮೂಗು ಒರೆಸಿಕೊಂಡಳು. "ನಿನ್ ನೀಲಿ ಚಪ್ಲಿ" ಎಂದಳು. "ಹಾಕ್ಕಂಡು ಬೀದಿ ಕೊನೇವರ್ಗೂ ಹೋಗಿ ಬಂದೆ. ತಿರ್ಗಾ ಅಲ್ಲೇ ಬಿಟ್ಟಿದ್ದೆ."

ವೆರೀಸಮ್ಮ ತಂಗಿಯ ಕಾಲು ನೋಡಿದಳು.

"ಕೇಳಿದ್ದಿದ್ರೆ ಕೊಡ್ತಿದ್ನಲ್ಲೇ."

"ನೀನೂ ಕೇಳಿದ್ದಿದ್ರೆ ಹೇಳ್ತಿದ್ನಲ್ಲಕ್ಕಾ."